ಓಡದ ಮರಿಗೆ ಕೋಟಿ ಡಾಲರ್

ಅಮೆರಿಕದ ಕೆಂಟಕಿಯಲ್ಲಿರುವ ಕೀನ್‌ಲ್ಯಾಂಡ್‌ನಲ್ಲಿ ಪ್ರತಿ ಸೆಪ್ಟೆಂಬರ್ ಒಂದು ವರ್ಷದ ರೇಸ್ ಕುದುರೆ ಮರಿಗಳ ಹರಾಜು ನಡೆಯುತ್ತದೆ. ಒಂದೂ ರೇಸ್ ಓಡದ ಮರಿಗಳಿವು. ತಂದೆ ತಾಯಿ ಯಾರು, ಕಾಲು ನೆಟ್ಟಗಿದೆಯಾ, ನಡಿಗೆ ಹೇಗಿದೆ, ಎಕ್ಸ್‌ರೇ ಏನು ಹೇಳುತ್ತದೆ ಅಂತ ನೋಡುತ್ತಾರೆ ನಿಜ, ಆದರೆ ಬೆಲೆ ಆಕಾಶಕ್ಕೆ ಹೋಗುವುದು ಇಬ್ಬರು ಹಟಕ್ಕೆ ಬಿದ್ದಾಗ.

ಆಗೆಲ್ಲ ಅಲ್ಲಿ ಜುಲೈನಲ್ಲೂ ಹರಾಜು ನಡೆಯುತ್ತಿತ್ತು. 1983ರ ಜುಲೈ ಹರಾಜಿನಲ್ಲಿ ದುಬೈನ ಶೇಖ್ ಮೊಹಮ್ಮದ್ ಮತ್ತು ಬ್ರಿಟನ್‌ನ ಕುದುರೆ ಮಾಲೀಕ ರಾಬರ್ಟ್ ಸ್ಯಾಂಗ್‌ಸ್ಟರ್ ಗುಂಪಿನ ಪೈಪೋಟಿಯಲ್ಲಿ ಸ್ನಾಫಿ ಡ್ಯಾನ್ಸರ್ ಎಂಬ ಮರಿ 1.02 ಕೋಟಿ ಡಾಲರ್‌ಗೆ ಹೋಯಿತು. ಅದು ರೇಸಿಗೇ ಇಳಿಯಲಿಲ್ಲ! ಆದರೆ 1975ರಲ್ಲಿ ಬರೀ 17,500 ಡಾಲರ್‌ಗೆ ಮಾರಾಟವಾದ ಸಿಯಾಟಲ್ ಸ್ಲೂ ಎಂಬ ಮರಿ 1977ರಲ್ಲಿ ಟ್ರಿಪಲ್ ಕ್ರೌನ್, ಅಂದರೆ ಅಮೆರಿಕದ ಮೂರು ದೊಡ್ಡ ರೇಸ್‌ಗಳನ್ನು ಒಂದೇ ವರ್ಷದಲ್ಲಿ ಗೆದ್ದಿತು.

ಅದಕ್ಕೇ ಹರಾಜಿನ ಸರಾಸರಿ ಬೆಲೆಯನ್ನು ನಾನು ನಂಬುವುದಿಲ್ಲ. ಕೆಲವು ದುಬಾರಿ ಮರಿಗಳೇ ಅದನ್ನು ಎತ್ತಿಬಿಡುತ್ತವೆ, ಅಲ್ವಾ? ಎಷ್ಟು ಮರಿಗಳು ಮಾರಾಟವಾಗದೆ ವಾಪಸ್ ಹೋದವು, ಅದನ್ನು ಮೊದಲು ನೋಡಿ. ಸಣ್ಣ ಸಾಕಣೆದಾರರ ಕಷ್ಟ ಕಾಣುವುದು ಅಲ್ಲೇ.