ಸೊರಗಿದ ಸೇಬಿನ ಗಿಡಗಳು

ನಮ್ಮ ಬೆಂಗಳೂರಿನ ತಾರಸಿಯ ಕುಂಡಗಳಲ್ಲಿರುವ ಕುಳ್ಳ ತಳಿಯ ಸೇಬಿನ ಗಿಡಗಳು ಈ ಬಾರಿ ಸೊರಗಿವೆ. ಚಿಗುರೆಲೆಗಳು ಹಳದಿಗೆ ತಿರುಗಿದ್ದರೂ ಅವುಗಳ ನರಗಳು ಮಾತ್ರ ಹಸಿರಾಗಿಯೇ ಉಳಿದಿವೆ. ಇದು ಕಬ್ಬಿಣಾಂಶದ ಕೊರತೆಯ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣವಿದ್ದರೂ, ಗಡಸಾದ ಬೋರ್‌ವೆಲ್ ನೀರನ್ನೇ ದೀರ್ಘಕಾಲ ಹಾಕುತ್ತಾ ಬಂದರೆ ಮಣ್ಣು ಕ್ಷಾರೀಯವಾಗಿ, ಬೇರುಗಳಿಗೆ ಅದನ್ನು ಹೀರಿಕೊಳ್ಳಲು ಸಾಧ್ಯವಾಗುವುದಿಲ್ಲ. ಹೀಗಾಗಿ ಈಗ ಸಂಗ್ರಹಿಸಿಟ್ಟ ಮಳೆನೀರನ್ನೇ, ಅದೂ ಮೇಲ್ಮಣ್ಣು ಒಣಗಿದೆಯೆಂದು ಬೆರಳಿಟ್ಟು ನೋಡಿದ ಮೇಲಷ್ಟೇ, ಹಾಕುತ್ತಿದ್ದೇನೆ. ತಳದಲ್ಲಿ ನೀರು ನಿಂತು ಬೇರು ಕೊಳೆತರೂ ಎಲೆ ಹಳದಿಯಾಗುವುದುಂಟು.

ಕಸಿಯಲ್ಲಿ ಬೇರಿನ ಭಾಗವಾಗಿ ಬಳಸುವ ಗಿಡವೇ ಬೇರುಸಸಿ. ಎಂ-9 ಎಂಬ ತಳಿಯಂತಹ ಕುಳ್ಳ ಬೇರುಸಸಿಗೆ ಕಸಿ ಕಟ್ಟಿದ ಗಿಡದ ಬೇರುಗಳು ಬಹಳ ದುರ್ಬಲ. ಅದಕ್ಕೆ ಸದಾ ಊರುಗೋಲು ಬೇಕು, ಕಸಿ ಕೂಡಿದ ಜಾಗದ ಗಂಟು ಮಣ್ಣಿನ ಮೇಲೆಯೇ ಇರಬೇಕು. ಗಂಟು ಹೂತುಹೋದರೆ ಮೇಲಿನ ಕಾಂಡವೇ ಬೇರು ಬಿಟ್ಟು ಗಿಡದ ಕುಳ್ಳತನ ಕಳೆದುಹೋಗುತ್ತದೆ.

ಸೊರಗಿದ ಗಿಡದಲ್ಲೂ ಹೀಚುಗಳು ಕಚ್ಚಿದ್ದವು. ಅವನ್ನೆಲ್ಲ ಕಿತ್ತುಹಾಕುವಾಗ ಮನಸ್ಸಿಗೆ ನಿಜಕ್ಕೂ ನೋವಾಯಿತು. ನೆಲದಲ್ಲಿರುವ ಮರವಾದರೆ ನೀರನ್ನು ಅರಸಿಕೊಂಡು ಬೇರನ್ನು ದೂರಕ್ಕೆ ಚಾಚೀತು, ಆದರೆ ಕುಂಡದ ಗಿಡಕ್ಕೆ ನಾವು ಕೊಟ್ಟಷ್ಟೇ ಜಗತ್ತು ಎಂಬ ಯೋಚನೆ ಆಗ ಬಹಳ ಕಾಡಿತು.

ತೊಗಟೆಯ ಬಿರುಕುಗಳಲ್ಲಿ ಹತ್ತಿಯಂತೆ ಅಂಟಿಕೊಂಡಿದ್ದ ಬಿಳಿ ಹೇನುಗಳನ್ನು ಸೋಪಿನ ನೀರಿನಲ್ಲಿ ಅದ್ದಿದ ಹಳೆಯ ಬ್ರಷ್‌ನಿಂದ ಉಜ್ಜಿ ತೆಗೆದಿದ್ದೇನೆ. ಕುಂಡದ ಮಣ್ಣು ಬದಲಾಯಿಸುವ ಕೆಲಸವನ್ನು ಮಾತ್ರ ಚಳಿಗಾಲದವರೆಗೆ ಮುಂದೂಡಿದ್ದೇನೆ.