ಅಜ್ಜನ ಚಾಕು, ನನ್ನ ಮಾವಿನಕಾಯಿ

ಇವತ್ತು ಅಜ್ಜನ ಬೇಟೆ ಚಾಕುವಿನಲ್ಲಿ ಮಾವಿನಕಾಯಿ ಹೆಚ್ಚಿದೆ. ಮನೆಯಲ್ಲಿ ಗಲಾಟೆ.

"ಅದು ಶೋಕೇಸಿನಲ್ಲಿ ಇಡೋ ವಸ್ತು ಕಣೋ!" ಅಂತ ಅಣ್ಣ.

ಲಾರಿಯ ಸ್ಪ್ರಿಂಗ್ ಪಟ್ಟಿ ಕಾಸಿ ಬಡಿದ ಅಲಗು. ಬೀಟೆ ಮರದ ಹಿಡಿ. ಹೆಬ್ಬೆರಳು ಕೂರುವ ಕಡೆ ಒಂದು ಸಣ್ಣ ತಗ್ಗು. ಅದು ಕಮ್ಮಾರ ಮಾಡಿದ್ದಲ್ಲ, ಅಜ್ಜನ ಬೆರಳು ಸವೆಸಿದ್ದು. ನನ್ನ ಬೆರಳೂ ಅಲ್ಲೇ ಹೋಗಿ ಕೂತಿತು.

ಬೇಟೆಯ ಮಾತು ಈಗಿಲ್ಲ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಕಾಡು ಈಗ ವನ್ಯಜೀವಿ ಧಾಮ. ಹಾಗಂತ ಚಾಕು ಸುಮ್ನೆ ಮಲಗಬೇಕಾ?

ಜೋಪಾನ ಅಂತ ವರ್ಷಗಟ್ಟಲೆ ಚರ್ಮದ ಒರೆಯಲ್ಲೇ ಇಟ್ಟಿದ್ದೆವು. ಚರ್ಮ ತೇವ ಹಿಡಿದು ಅಲಗಿಗೆ ಕೆಂಪು ತುಕ್ಕು! ಬಳಸಿದ್ದಕ್ಕಿಂತ ಕಾಪಾಡಿದ್ದೇ ಜಾಸ್ತಿ ಹಾಳು ಮಾಡಿತ್ತು. ಉಜ್ಜಿ ತೆಗೆದೆ. ಇವತ್ತು ಹುಳಿ ತಾಗಿದ ಕಡೆ ಬೂದು ನೀಲಿ ಬಣ್ಣ ಬಂದಿದೆ, ಮಳೆ ಮೋಡದ ಹಾಗೆ. ಇದು ತುಕ್ಕಲ್ಲ. ಒರೆಸಿ ಕೊಬ್ಬರಿ ಎಣ್ಣೆ ಸವರಿದೆ.

ನಮ್ಮ ದುರ್ಗದ ಓಬವ್ವ ಹಿಡಿದ ಒನಕೆ ಏನು ಶೋಕೇಸಿನದ್ದಾ? ದಿನಾ ಕುಟ್ಟುವುದೇ ಅಲ್ವಾ?

ಇದನ್ನೇ ಅಣ್ಣನಿಗೂ ಹೇಳಿದೆ. ಉತ್ತರ ಇಲ್ಲ. ಉಪ್ಪು ಖಾರ ಹಚ್ಚಿದ ಹೋಳು ಮಾತ್ರ ನಾಲ್ಕು ಖಾಲಿ.