ಹುಲ್ಲುಮಣ್ಣಿನ ಮನೆ

ರಾತ್ರಿ ನಿದ್ದೆ ಬರದೆ ಅಮೆರಿಕದ ನೆಬ್ರಾಸ್ಕಾದ ಹಳೇ ಫೋಟೊಗಳನ್ನು ನೋಡ್ತಾ ಕೂತೆ. ಮರವೇ ಇಲ್ಲದ ಬಯಲು. ಹುಲ್ಲಿನ ಬೇರು ಬಿಗಿಹಿಡಿದ ಮಣ್ಣನ್ನು ನೇಗಿಲಲ್ಲಿ ಸೀಳಿ, ಇಟ್ಟಿಗೆ ಥರ ಕತ್ತರಿಸಿ ಕಟ್ಟಿದ ಗೋಡೆ. ಮಳೆ ನಿಂತ ಮೇಲೂ ಸೂರು ಸೋರುತ್ತಿತ್ತಂತೆ. ಉರುವಲಿಗೆ ಒಣಗಿದ ಕಾಡೆಮ್ಮೆ ಸಗಣಿ. (ನಮ್ಮಜ್ಜಿ ಇದ್ದಿದ್ದರೆ 'ಇದರಲ್ಲೇನು ವಿಶೇಷ, ಕುಳ್ಳು ತಾನೆ' ಅಂತಿದ್ದಳು.)

1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ನೆಲೆಸಲು ಬಂದವರಿಗೆ ಸರ್ಕಾರದಿಂದ 160 ಎಕರೆ ನೆಲ. ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಸ್ವಂತ. ಒಂಟಿ ಹೆಂಗಸರೂ ಅರ್ಜಿ ಹಾಕಬಹುದಿತ್ತು, ಇದು ಗೊತ್ತೇ ಇರಲಿಲ್ಲ. 1874ರಲ್ಲಿ ಮಿಡತೆ ಬಂದು ಹೊಲಹೊಲಗಳನ್ನೇ ಮುಕ್ಕಿಹಾಕಿದವು.

ಸರ್ಕಾರ ಹಂಚಿದ ಆ 'ಖಾಲಿ' ನೆಲದಲ್ಲಿ ಪಾನೀ ಎಂಬ ಮೂಲನಿವಾಸಿ ಜನ ಅದೆಷ್ಟೋ ತಲೆಮಾರಿನಿಂದ ಮುಸುಕಿನ ಜೋಳ ಬೆಳೀತಿದ್ರು. ನಾನು ನೋಡಿದ ಫೋಟೊಗಳಲ್ಲಿ ಅವರು ಇರಲಿಲ್ಲ. ಸೂರಿನ ಮೇಲೆ ನಿಂತ ಹಸು ಮಾತ್ರ ಇತ್ತು.